ಹಾರಿಹೋದ ನಾಲ್ಕನೇ ದೃಶ್ಯ

ಹೊಟ್ಟೆಕಿಚ್ಚಿಗೆ ಬಣ್ಣ ಬಳಿದು ತಲೆಗೊಂದು ಕಿರೀಟ ಇಟ್ಟರೆ ಹೇಗೆ ಕಾಣುತ್ತದೆ ಎಂದು ನೋಡುವ ಆಸೆ ಯಾರಿಗಾದರೂ ಇದ್ದಿದ್ದರೆ, ಆ ಮಧ್ಯಾಹ್ನ ಅವರು ನಾಟಕ ಕಂಪನಿಯ ಬಣ್ಣದ ಕೋಣೆಗೆ ಬರಬೇಕಿತ್ತು. ಪಟ್ಟದರಾಣಿ ಕನ್ನಡಿಯ ಮುಂದೆ ಕೂತು ಹುಬ್ಬು ತೀಡಿಕೊಳ್ಳುತ್ತಿದ್ದಳು. ಎಡಹುಬ್ಬು ನೆಟ್ಟಗೆ ಬಂದಿತ್ತು, ಬಲಹುಬ್ಬು ಜಾರಿ ಹಣೆಗೇ ಹತ್ತಿತ್ತು. ಒರೆಸಿ ಮತ್ತೆ ತೀಡಿದಳು, ಮತ್ತೆ ಹತ್ತಿತು. ಪಕ್ಕದ ಕನ್ನಡಿಯಲ್ಲಿ ಕಿರಿಯ ರಾಣಿ ಯಾವ ತಾಪತ್ರಯವೂ ಇಲ್ಲದೆ ಓಲೆ ಸಿಕ್ಕಿಸಿಕೊಳ್ಳುತ್ತಾ ಏನೋ ಗುನುಗುತ್ತಿದ್ದಳು.

ನಾಟಕದಲ್ಲಿ ಇಬ್ಬರೂ ಸವತಿಯರು, ಮನೆಯಲ್ಲಿ ಒಡಹುಟ್ಟಿದ ಅಕ್ಕತಂಗಿಯರು. ಅವರಪ್ಪ ಪಟ್ಟದರಾಣಿಯಾದವಳನ್ನು ದೊಡ್ಡವಳು, ಕಿರಿಯ ರಾಣಿಯಾದವಳನ್ನು ಚಿಕ್ಕವಳು ಎಂದೇ ಕರೆದದ್ದು, ಕಂಪನಿಯವರೂ ಅದನ್ನೇ ಹಿಡಿದುಕೊಂಡರು. ಹೆಸರುಗಳೂ ಇದ್ದವು, ಪೋಸ್ಟರಿನ ಮೇಲೆ. ಮಹಾರಾಜನ ಪಾತ್ರ ದೊಡ್ಡವಳ ಗಂಡನದು. ರಂಗದ ಮೇಲೆ ಶತ್ರುಗಳನ್ನು ಸೊಪ್ಪು ಕತ್ತರಿಸಿದಂತೆ ಕತ್ತರಿಸುವ ಆಸಾಮಿ ಮನೆಯಲ್ಲಿ ಹೆಂಡತಿ ಕೆಮ್ಮಿದರೆ ಎದ್ದು ನಿಲ್ಲುತ್ತಿದ್ದ.

ಅಪ್ಪ ಹಾಡಿನ ಮೇಷ್ಟ್ರಾಗಿದ್ದವರು. ಊರಿನ ಅರ್ಧ ಮಕ್ಕಳಿಗೆ ಸ್ವರ ತಿದ್ದಿದ ಮನುಷ್ಯ, ಆದರೆ ನಾಲಿಗೆ ಮಾತ್ರ ಚೂರಿ. ದೊಡ್ಡವಳನ್ನು ಎದುರಿಗೆ ಕೂರಿಸಿಕೊಂಡು ವರ್ಷಗಟ್ಟಲೆ ಕಲಿಸಿದರು. ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡ ಚಿಕ್ಕವಳು ಒಂದು ದಿನ ಧೈರ್ಯಮಾಡಿ ಒಳಗೆ ಬಂದು ಹಾಡಿದಾಗ, ಮುಗಿಯುವ ತನಕವೂ ಬಿಡದೆ, "ಹಿತ್ತಾಳೆ ತಟ್ಟೆ ಬಿದ್ದ ಹಾಗಿದೆ, ಯಾರಾದ್ರೂ ಎತ್ತಿಡ್ರೋ" ಅಂದರು. ಮನೆಯವರೆಲ್ಲ ನಕ್ಕರು. ದೊಡ್ಡವಳು ಎಲ್ಲರಿಗಿಂತ ಜಾಸ್ತಿ ನಕ್ಕಳು. ಆಮೇಲೆ ಚಿಕ್ಕವಳು ಯಾರ ಯಾರ ಹತ್ತಿರವೋ ಕಲಿತಳು, ಅಕ್ಕನ ಕಂಪನಿಗೇ ಬಂದು ಸೇರಿದಳು, ದಾಸಿಯ ಪಾತ್ರದಿಂದ ಕಿರಿಯ ರಾಣಿಯ ತನಕ ಹತ್ತಿದಳು. ಅಪ್ಪ ಮಾತ್ರ ಅವಳ ಹಾಡನ್ನು ಇನ್ನೊಮ್ಮೆ ಕೇಳಲಿಲ್ಲ. ಕಂಪನಿಯ ಆಟಕ್ಕೆ ಬಂದಾಗಲೂ ದೊಡ್ಡವಳ ಕೊನೆಯ ಹಾಡಿಗೆ ಸರಿಯಾಗಿ ಬಂದು ಕೂರುತ್ತಿದ್ದರು.

ಈಗ ಪರಿಸ್ಥಿತಿ ಬೇರೆಯಾಗಿತ್ತು. ಚಿಕ್ಕವಳಿಗೆ ಇಡೀ ನಾಟಕದಲ್ಲಿ ಇದ್ದದ್ದು ಒಂದೇ ಹಾಡು, ನಾಲ್ಕನೇ ದೃಶ್ಯದಲ್ಲಿ, ಸೆರೆಮನೆಗೆ ಹೋಗುವ ಮೊದಲು ಅರಮನೆಗೆ ವಿದಾಯ ಹೇಳುವ ಹಾಡು. ಅದಕ್ಕೆ ಪ್ರತಿ ಆಟದಲ್ಲೂ ವನ್ಸ್ ಮೋರ್ ಬೀಳುತ್ತಿತ್ತು. ದೊಡ್ಡವಳ ಕೊನೆಯ ಹಾಡು ಕಂಪನಿಗೆ ಹೆಸರು ತಂದ ಹಾಡು, ಸಿಂಹಾಸನ ಬಿಟ್ಟು ಇಳಿಯುವ ರಾಣಿಯ ಹಾಡು. ಅದರ ಎತ್ತರದ ಸಾಲಿಗೆ ಬಂದರೆ ಈಚೆಗೆ ಅವಳ ಗಂಟಲು ಬಿರಿಯುತ್ತಿತ್ತು. ವಾದ್ಯದವರ ಹಿರಿಯ, ಪಿಟೀಲಿನ ಯಜಮಾನ, ಯಾರಿಗೂ ಹೇಳದೆ ಶ್ರುತಿ ಇಳಿಸಿಕೊಟ್ಟಿದ್ದ. ಇಳಿಸಿದರೂ ಬಿರಿಯುತ್ತಿತ್ತು. ಆ ಸಾಲು ಬರುವ ಹೊತ್ತಿಗೆ ಜನ ಸೀಟಿನ ಕೆಳಗೆ ಚಪ್ಪಲಿ ಹುಡುಕಲು ಶುರುಮಾಡುತ್ತಿದ್ದರು.

ಇದೆಲ್ಲ ದೊಡ್ಡವಳಿಗೆ ತಿಳಿಯದ್ದೇನಲ್ಲ. ಜನ ಬೇಕಾದ್ದು ಹೇಳಿಕೊಳ್ಳಲಿ, ಅಪ್ಪನ ಮಾತೊಂದು ಅವಳ ಪಾಲಿಗೆ ಗಟ್ಟಿಯಾಗಿತ್ತು. ಮನೆಯಲ್ಲಿ ಗಂಟಲು ಇರುವುದು ದೊಡ್ಡವಳೊಬ್ಬಳಿಗೇ ಎಂಬ ಮಾತು. ಅದನ್ನೇ ಹೊದ್ದುಕೊಂಡು ಮಲಗುತ್ತಿದ್ದಳು, ಅದನ್ನೇ ಉಟ್ಟುಕೊಂಡು ಏಳುತ್ತಿದ್ದಳು.

ಅಪ್ಪನಿಗೆ ಈಗ ಎರಡೂ ಕಣ್ಣು ಹೋಗಿದ್ದವು. ಮರುದಿನ ಬೆಳಿಗ್ಗೆ ಅಕ್ಕತಂಗಿಯರ ತಮ್ಮ ಅವರನ್ನು ದೂರದ ತನ್ನ ಊರಿಗೆ ಕರೆದೊಯ್ಯುವವನಿದ್ದ, ಇನ್ನು ಈ ಕಡೆ ಬರುವ ಮಾತಿಲ್ಲ. ಹೋಗುವ ಮೊದಲು ಆಟಕ್ಕೆ ಬರುತ್ತಾರೆ ಎಂಬುದು ದೊಡ್ಡವಳಿಗೂ ಗೊತ್ತಿತ್ತು. ಗೊತ್ತಿಲ್ಲದ ಸಂಗತಿಯೊಂದನ್ನು ಆ ತಮ್ಮ ಬೆಳಿಗ್ಗೆ ಬಾಯಿತಪ್ಪಿ ಹೇಳಿಬಿಟ್ಟಿದ್ದ. ಚಿಕ್ಕವಳು ಅಪ್ಪನ ಹತ್ತಿರ ಹೋಗಿ, ಮಂಚದ ಪಕ್ಕ ಕೂತು, ಒಂದೇ ಒಂದು ಸಲ ನನ್ನ ಹಾಡು ಕೇಳಿ, ಆಮೇಲೆ ಹಿತ್ತಾಳೆ ಅನ್ನಿ, ತಗಡು ಅನ್ನಿ, ನಾನು ಸುಮ್ಮನಿರುತ್ತೇನೆ ಎಂದು ಕಣ್ಣೀರು ಹಾಕಿದ್ದಳಂತೆ. ಅಪ್ಪ, ಆಯ್ತು, ಮೊದಲಿಂದಲೇ ಬಂದು ಕೂರ್ತೀನಿ ಅಂದಿದ್ದರಂತೆ.

ಬಲಹುಬ್ಬು ಹಣೆಗೆ ಹತ್ತಿದ್ದು ಆ ಕಾರಣಕ್ಕೆ.

ಆಟ ಶುರುವಾಯಿತು. ಮುಂದಿನ ಸಾಲಿನ ಮೂಲೆಯ ಸೀಟಿನಲ್ಲಿ ಅಪ್ಪ, ಪಕ್ಕದಲ್ಲಿ ತಮ್ಮ. ತಮ್ಮನಿಗೆ ಹಾಡಿಗೂ ಕುಕ್ಕರಿನ ಸೀಟಿಗೂ ವ್ಯತ್ಯಾಸ ಗೊತ್ತಿರಲಿಲ್ಲ, ದೀಪ ಆರಿದ ಕೂಡಲೇ ಅವನ ತಲೆ ಎದೆಗೆ ಬಿತ್ತು. ಅಪ್ಪ ಮಾತ್ರ ನೆಟ್ಟಗೆ ಕೂತಿದ್ದರು. ಮುಖ ಬೇರೆಲ್ಲೋ ಇತ್ತು, ಕಿವಿ ರಂಗದ ಕಡೆಗಿತ್ತು. ಸಿಂಹಾಸನದ ಮೇಲಿಂದ ದೊಡ್ಡವಳಿಗೆ ಕಂಡದ್ದು ಆ ಕಿವಿಯೊಂದೇ. ಅವಳು ಮೊದಲ ದೃಶ್ಯ ಆಡಿದಳು, ಎರಡನೆಯದನ್ನೂ ಆಡಿದಳು, ಮಾತು ಎಲ್ಲಿಯೂ ತಪ್ಪಲಿಲ್ಲ.

ಆ ನಾಟಕದಲ್ಲಿ ಒಂದು ಗುಂಡಿ ಇತ್ತು. ಮೂರನೇ ದೃಶ್ಯದ ಕೊನೆಗೆ ಮಂತ್ರಿ ಬಗ್ಗಿ, "ಅಪ್ಪಣೆ ಏನು, ಮಹಾರಾಣಿ?" ಎಂದು ಕೇಳುತ್ತಾನೆ. ಪಟ್ಟದರಾಣಿ "ಕಿರಿಯ ರಾಣಿಯನ್ನು ಬರಹೇಳಿ" ಅನ್ನುತ್ತಾಳೆ, ನಾಲ್ಕನೇ ದೃಶ್ಯ ಶುರು. ಐದನೇ ದೃಶ್ಯದಲ್ಲೂ ಮಂತ್ರಿ ಅದೇ ಮಾತು ಕೇಳುತ್ತಾನೆ, "ಅಪ್ಪಣೆ ಏನು, ಮಹಾರಾಣಿ?" ಅಲ್ಲಿ ಅವಳ ಉತ್ತರ, "ಸೆರೆಮನೆಯ ಬಾಗಿಲು ತೆಗೆಯಿರಿ." ಬರೆದ ಮಹಾಶಯನಿಗೆ ಒಂದು ಪದ ಆಚೀಚೆ ಮಾಡಲು ಏನಾಗಿತ್ತೋ ಕಾಣೆ. ಉತ್ತರ ಅದಲುಬದಲಾದರೆ ನಾಟಕ ಒಂದು ದೃಶ್ಯವನ್ನೇ ನುಂಗಿ ಮುಂದಕ್ಕೆ ಹಾರಿಬಿಡುತ್ತದೆ. ಹಿಂದೊಮ್ಮೆ ಹಾಗೆ ಆಗಿಯೂ ಇತ್ತು. ಅಂದಿನಿಂದ ಮಂತ್ರಿ ಮೂರನೇ ದೃಶ್ಯದಲ್ಲಿ ಕೇಳುವಾಗ ಎಡಗೈ ಎತ್ತುತ್ತಿದ್ದ, ಐದನೆಯದರಲ್ಲಿ ಬಲಗೈ. ಪಟ್ಟದರಾಣಿಗೆ ನೆನಪು ಮಾಡಿಕೊಡುವ ಗುಟ್ಟಿನ ಸನ್ನೆ ಅದು. ಮತ್ತೆ ರಂಗದ ನಿಯಮವೊಂದು ಎಲ್ಲರಿಗೂ ಗೊತ್ತು. ಬಾಯಿಂದ ಬಿದ್ದ ಮಾತನ್ನು ಪ್ರೇಕ್ಷಕರೆದುರು ವಾಪಸು ಎತ್ತಿಕೊಳ್ಳುವಂತಿಲ್ಲ, ಎಲ್ಲರೂ ಅದರ ಹಿಂದೆಯೇ ಓಡಬೇಕು.

ಮಂತ್ರಿ ಬಗ್ಗಿದ. ಎಡಗೈ ಎತ್ತಿದ.

"ಅಪ್ಪಣೆ ಏನು, ಮಹಾರಾಣಿ?"

ದೊಡ್ಡವಳು ಆ ಎಡಗೈಯನ್ನು ಕಣ್ಣಾರೆ ನೋಡಿದಳು. ಪಕ್ಕದ ಪರದೆಯ ಮರೆಯಲ್ಲಿ ಚಿಕ್ಕವಳು ತುಟಿ ಒದ್ದೆಮಾಡಿಕೊಂಡು, ಹೊಟ್ಟೆಯ ತುಂಬ ಉಸಿರೆಳೆದುಕೊಂಡು ಸಿದ್ಧವಾಗಿ ನಿಂತಿದ್ದನ್ನೂ ನೋಡಿದಳು. ಕೆಳಗೆ ಅಪ್ಪನ ಕಿವಿ. ಮರೆತಳೆಂದು ಯಾರಾದರೂ ಹೇಳಿದರೆ ನಂಬಬೇಡಿ.

"ಸೆರೆಮನೆಯ ಬಾಗಿಲು ತೆಗೆಯಿರಿ" ಅಂದಳು.

ಮಂತ್ರಿಯ ಎಡಗೈ ಎತ್ತಿದಲ್ಲೇ ಉಳಿಯಿತು. ಒಳಗೆ ಬೆಂಕಿ ಬಿದ್ದಂತಾಯಿತು. ಪರದೆ ಎಳೆಯುವವರು ಅರಮನೆಯ ಪರದೆಯನ್ನು ಅರ್ಧ ಎತ್ತಿ ಸೆರೆಮನೆಯ ಪರದೆಯನ್ನು ಅರ್ಧ ಇಳಿಸಿ ಎರಡನ್ನೂ ಸಿಕ್ಕುಹಾಕಿಕೊಂಡರು. ನಾಲ್ಕನೇ ದೃಶ್ಯದ ಯುದ್ಧಕ್ಕೆಂದು ಕವಚದ ಗುಂಡಿ ಹಾಕಿಕೊಳ್ಳುತ್ತಿದ್ದ ಮಹಾರಾಜ ಪೆಚ್ಚುಮೋರೆ ಹಾಕಿ, ಹಾಗಾದರೆ ನನ್ನ ಯುದ್ಧ ಎಂದು ಅವರಿವರನ್ನು ಕೇಳಿದ. ಅವನಿಗೆ ಉತ್ತರ ಕೊಡುವ ಪುರುಸೊತ್ತು ಯಾರಿಗಿದೆ? ಚಿಕ್ಕವಳ ಸೆರೆಮನೆಯ ಹರಕು ಬಟ್ಟೆ ಗೂಟದಲ್ಲೇ ನೇತಾಡುತ್ತಿತ್ತು. ಉಟ್ಟ ರೇಷ್ಮೆಯಲ್ಲೇ ಅವಳನ್ನು ಹಿಂದಿನಿಂದ ತಳ್ಳಿದರು. ಸೆರೆಗೇ ಹೋಗದ ಕಿರಿಯ ರಾಣಿ ಮೈತುಂಬ ಒಡವೆ ಹೇರಿಕೊಂಡು, ಓಲೆ ಅಲ್ಲಾಡಿಸಿಕೊಂಡು ಸೆರೆಮನೆಯಿಂದ ಹೊರಗೆ ಬಂದಳು. ಪ್ರೇಕ್ಷಕರಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಒಳ್ಳೆಯ ಜೈಲು, ನಮಗೂ ಒಂದು ಕೋಣೆ ಸಿಗುತ್ತದೆಯೇ ಎಂದು ಹಿಂದಿನಿಂದ ಒಬ್ಬ ಕೂಗಿದ.

ಚಿಕ್ಕವಳು ನಗುವಿನ ಮಧ್ಯೆ ನಿಂತು ಅಕ್ಕನನ್ನೇ ನೋಡಿದಳು. ಆ ನೋಟದಲ್ಲಿ ಕೋಪಕ್ಕಿಂತ ಮೊದಲು ಬಂದದ್ದು ಆಶ್ಚರ್ಯ. ಇಷ್ಟು ಮಾಡ್ತೀಯಾ ಎಂಬಂಥ ಆಶ್ಚರ್ಯ. ದೊಡ್ಡವಳಿಗೆ ಒಳಗೊಳಗೇ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು.

ಮುಂದೆ ಇದ್ದದ್ದು ಅಕ್ಕನ ಪಶ್ಚಾತ್ತಾಪ. ಪಟ್ಟದರಾಣಿ ಮೊಣಕಾಲೂರಿ ತಪ್ಪಾಯಿತು ಅನ್ನಬೇಕು, ಕಿರಿಯ ರಾಣಿ ಕೈಕೊಟ್ಟು ಎಬ್ಬಿಸಬೇಕು, ಎದ್ದ ಮೇಲೆ ಪಟ್ಟದರಾಣಿ ಕೊನೆಯ ಹಾಡು ಎತ್ತಬೇಕು. ದೊಡ್ಡವಳದು ಅಗಲವಾಗಿ ನಿಲ್ಲಲೆಂದು ಒಳಗೆ ಬೆತ್ತದ ಬಳೆ ಹೊಲಿದ ಭಾರದ ಲಂಗ, ಮಂಡಿಯೂ ಮೊದಲಿನದಲ್ಲ, ಕೂತರೆ ಯಾರಾದರೂ ಎತ್ತದೆ ಏಳಲು ಆಗುತ್ತಿರಲಿಲ್ಲ. ಅವಳು ಕೂತಳು. ತಪ್ಪಾಯಿತು ತಂಗಿ ಅಂದಳು. ಕೈ ಚಾಚಿದಳು.

ಚಿಕ್ಕವಳು ಕೈ ಕೊಡಲಿಲ್ಲ.

"ಎತ್ತೇ" ಎಂದು ದೊಡ್ಡವಳು ಹಲ್ಲು ಬಿಗಿಹಿಡಿದು ಪಿಸುಗುಟ್ಟಿದಳು.

"ಕೂತಿರು" ಅಂದಳು ಚಿಕ್ಕವಳು, ಅಷ್ಟೇ ಮೆಲ್ಲಗೆ. ಅಕ್ಕನನ್ನು ಬಳಸಿಕೊಂಡು ರಂಗದ ಅಂಚಿಗೆ ಬಂದಳು. ಪಿಟೀಲಿನ ಯಜಮಾನ ಇಳಿಸಿದ ಶ್ರುತಿಯಲ್ಲಿ ಕಮಾನು ಎಳೆಯುವುದರೊಳಗೆ, ಅವನಿಗೂ ಕಾಯದೆ, ಹಳೆಯ ಶ್ರುತಿಯಲ್ಲಿ, ದೊಡ್ಡವಳು ಪ್ರಾಯದಲ್ಲಿ ಹಾಡುತ್ತಿದ್ದ ಆ ಎತ್ತರದಲ್ಲಿ, ಅಕ್ಕನ ಹಾಡನ್ನು ಎತ್ತಿದಳು.

ಎಂಥ ಹಾಡು ಅಂತೀರಿ. ನಗುತ್ತಿದ್ದವರ ಬಾಯಿ ತೆರೆದಂತೆಯೇ ನಿಂತಿತು. ಬಾಗಿಲ ಸಂದಿಯಲ್ಲಿ ಕೇಳಿ ಕೇಳಿ ಎದೆಯಲ್ಲಿ ಬಚ್ಚಿಟ್ಟುಕೊಂಡದ್ದೆಲ್ಲ ಒಂದೇ ಸಲ ಹೊರಗೆ ಬಂತು. ಪಿಟೀಲಿನ ಯಜಮಾನ ಬೆವರೊರೆಸಿಕೊಳ್ಳುತ್ತಾ ಶ್ರುತಿ ಹುಡುಕಿ ಹಿಂದಿನಿಂದ ಬಂದು ಸೇರಿದ. ನೆಲದ ಮೇಲಿದ್ದ ದೊಡ್ಡವಳು, ನನ್ನ ಹಾಡು, ನನ್ನ ಹಾಡು ಎಂದು ತಾನೂ ದನಿ ಸೇರಿಸಲು ಬಾಯಿ ತೆರೆದಳು. ಮೊದಲ ಅಕ್ಷರಕ್ಕೇ ಗಂಟಲು ಕೆರೆಯಿತು. ಅಪ್ಪನ ಕಿವಿ ನೆನಪಾಯಿತು. ಈ ದನಿಯ ಪಕ್ಕದಲ್ಲಿ ತನ್ನ ದನಿ ಅವರಿಗೆ ಕೇಳಿಸಬಾರದು. ಅವಳು ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಹಾಡು ಮುಗಿಯುವ ತನಕ ಕೂತೇ ಇದ್ದಳು.

ವನ್ಸ್ ಮೋರ್ ಬಿತ್ತು. ಛಾವಣಿ ಹಾರಿಹೋಗುವಂತೆ ಚಪ್ಪಾಳೆ. ಅದೆಲ್ಲದರ ನಡುವೆ ಮೂಲೆಯ ಸೀಟಿನಿಂದ ಅಪ್ಪ ಎದ್ದು ನಿಂತು, ಎರಡೂ ಕೈ ಮೇಲೆತ್ತಿ, "ಭಲೆ, ದೊಡ್ಡವಳೇ" ಎಂದದ್ದು ಅಕ್ಕತಂಗಿಯರಿಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.

ಚಿಕ್ಕವಳು ವನ್ಸ್ ಮೋರ್ ಹಾಡಲಿಲ್ಲ. ಪರದೆ ಬಿತ್ತು.

ಅಪ್ಪನನ್ನು ಬಣ್ಣದ ಕೋಣೆಗೆ ಕೈಹಿಡಿದು ಕರೆತಂದ ತಮ್ಮ, ಕುರ್ಚಿಯಲ್ಲಿ ಕೂರಿಸಿ, ಗಾಡಿ ಕರೆಯಲು ಹೊರಗೆ ಹೋದ. ದೊಡ್ಡವಳು ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಚಿಕ್ಕವಳು ತನ್ನ ಕನ್ನಡಿಯ ಮುಂದೆ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದಳು, ಕೈ ಚಾಚಿದರೆ ಅಪ್ಪನಿಗೆ ಸಿಗುವಷ್ಟು ಹತ್ತಿರ.

ಅಪ್ಪ ದೊಡ್ಡವಳ ಕೈ ಹುಡುಕಿ ಹಿಡಿದುಕೊಂಡರು. ಹಳೆಯ ಶ್ರುತಿಯಲ್ಲಿ ಆ ಹಾಡನ್ನು ಎತ್ತುವವಳು ಭೂಮಿಯ ಮೇಲೆ ತನ್ನ ದೊಡ್ಡವಳೊಬ್ಬಳೇ ಎಂದು ಹೊಗಳಿದರು, ತಾನು ಕಲಿಸಿದ್ದು ಮಣ್ಣುಪಾಲಾಗಲಿಲ್ಲ ಎಂದು ಹಿಗ್ಗಿದರು. ದೊಡ್ಡವಳಿಗೆ ನಾಲಿಗೆಯ ತುದಿಗೆ ಬಂತು, ನಾನಲ್ಲಪ್ಪ ಎಂದು. ಬಂದದ್ದನ್ನು ನುಂಗಿಕೊಂಡಳು.

"ನೀವು ಕಲಿಸಿದ್ದೇ ಅಲ್ವಾ ಅಪ್ಪ" ಅಂದಳು.

ಪಕ್ಕದ ಕನ್ನಡಿಯಲ್ಲಿ ಬಣ್ಣ ಒರೆಸುವ ಕೈ ನಿಂತಿತು.

ಅಪ್ಪ ಆಮೇಲೆ ಚಿಕ್ಕವಳ ಹಾಡು ಬರಲೇ ಇಲ್ಲವಲ್ಲ ಎಂದು ವಿಚಾರಿಸಿದರು. ದೃಶ್ಯ ಹಾರಿಹೋಯಿತು, ಕೆಲವು ಸಲ ಹಾಗಾಗುತ್ತದೆ ಎಂದು ದೊಡ್ಡವಳು ತೇಲಿಸಿದಳು. ಅಪ್ಪ ಕೈಬೀಸಿ ನಕ್ಕರು.

"ಒಳ್ಳೇದೇ ಆಯ್ತು ಬಿಡು. ಇದನ್ನ ಕೇಳಿದ ಕಿವಿಗೆ ಮತ್ತೆ ಹಿತ್ತಾಳೆ ಸದ್ದು ಯಾಕೆ?"

ಚಿಕ್ಕವಳು ಅಲ್ಲೇ ಇದ್ದಾಳೆಂದು ಅವರಿಗೆ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಅಂದರೇ, ಅದು ಅವರಿಗೇ ಗೊತ್ತು. ಆ ನಾಲಿಗೆ ಕಣ್ಣಿದ್ದಾಗಲೂ ಯಾರನ್ನೂ ನೋಡಿ ಆಡಿದ್ದಲ್ಲ. ಚಿಕ್ಕವಳ ಮುಖದಿಂದ ಅರ್ಧ ಬಣ್ಣ ಹೋಗಿತ್ತು, ಉಳಿದರ್ಧವನ್ನು ಒರೆಸದೆ ಅವಳು ಕೈಯಲ್ಲಿದ್ದ ಹತ್ತಿಯನ್ನು ಹಿಂಡಿದಳು.

ಅಪ್ಪನಿಗೆ ಆ ದಿನ ಸಂತೋಷ ಹೆಚ್ಚಾಗಿ ಬಾಯಿ ಸಡಿಲವಾಗಿತ್ತು. ದೊಡ್ಡವಳ ಕೈ ನೇವರಿಸುತ್ತಾ ಹೇಳತೊಡಗಿದರು. "ಈಗ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಗಂಟಲು ಹೋಯ್ತು ಅಂತ ನಾನು ಒಳಗೊಳಗೇ ಅತ್ತಿದ್ದೆ. ಹೋದ ಸಲ ಬಂದಾಗ ಕೇಳೋಕೆ ಆಗ್ಲಿಲ್ಲ ನನ್ನ ಕೈಲಿ. ತಲೆನೋವು ಅಂತ ಸುಳ್ಳು ಹೇಳಿ ಎದ್ದುಹೋದೆ."

ಹೋದ ಸಲ ಅವಳು ಬಣ್ಣವನ್ನೂ ಒರೆಸಿಕೊಳ್ಳದೆ ಓಡಿಹೋಗಿ ತಲೆನೋವಿನ ಮಾತ್ರೆ ತಂದುಕೊಟ್ಟಿದ್ದಳು. ಆ ಮಾತ್ರೆಯನ್ನು ಅಪ್ಪ ನೀರು ಕುಡಿದು ನುಂಗಿದ್ದರು. ಅವಳು ಹೊದ್ದು ಮಲಗುತ್ತಿದ್ದ ಮಾತು ಅಷ್ಟು ದಿನದಿಂದ ಬರೀ ಹರಕು ಚಿಂದಿಯಾಗಿತ್ತು, ಅವಳಿಗೊಬ್ಬಳಿಗೇ ತಿಳಿದಿರಲಿಲ್ಲ.

"ಈಗ ಆ ಎತ್ತರದ ಸಾಲು ಇನ್ನೊಂದ್ಸಲ ಹೇಳು" ಅಂದರು ಅಪ್ಪ. "ಮೆಲ್ಲಗೆ. ನನಗೊಬ್ಬನಿಗೆ."

ದೊಡ್ಡವಳು ಗಂಟಲು ದಣಿದಿದೆ ಅಂದಳು. ಬೆಳಿಗ್ಗೆ ಹೊರಡುವ ಮುಂಚೆ ಹಾಡುತ್ತೇನೆ ಅಂದಳು. ಅಪ್ಪ ಮಗುವಿನಂತೆ ಹಟ ಹಿಡಿದರು, ಒಂದೇ ಸಾಲು, ಒಂದೇ ಸಾಲು. ದಿಕ್ಕು ತೋಚದೆ ಅವಳು ಕನ್ನಡಿಯಲ್ಲಿ ತಂಗಿಯ ಕಣ್ಣು ಹುಡುಕಿದಳು. ಸದ್ದಾಗದಂತೆ ಕೈ ಎದೆಗಿಟ್ಟುಕೊಂಡು, ನೀನೇ ಹಾಡು, ನನ್ನ ಮಾನ ಉಳಿಸು ಎಂದು ತುಟಿಯಲ್ಲೇ ಬೇಡಿಕೊಂಡಳು. ಚಿಕ್ಕವಳು ಹತ್ತಿಯನ್ನು ಮೇಜಿನ ಮೇಲಿಟ್ಟಳು. ತಿರುಗಿ ಕೂತಳು. ಬಹಳ ಪ್ರೀತಿಯ ದನಿಯಲ್ಲಿ ಹೇಳಿದಳು.

"ಹಾಡಕ್ಕ. ಅಪ್ಪ ಅಷ್ಟು ಆಸೆಯಿಂದ ಕೇಳ್ತಿದಾರೆ."

ತಪ್ಪಿಸಿಕೊಳ್ಳಲು ಇನ್ನು ದಾರಿ ಉಳಿದಿರಲಿಲ್ಲ. ದೊಡ್ಡವಳು ಹಾಡಿದಳು. ಕೆಳಗಿನ ಸ್ವರಗಳನ್ನು ಹೇಗೋ ದಾಟಿದಳು. ಎತ್ತರಕ್ಕೆ ಹೋಗುತ್ತಲೇ ಗಂಟಲು ಬಿರಿಯಿತು, ದನಿ ಎರಡಾಯಿತು, ಒಂದು ಚೂರು ಮೇಲೆ ಹೋಯಿತು, ಇನ್ನೊಂದು ಅಲ್ಲೇ ಬಿತ್ತು. ಅವಳು ನಿಲ್ಲಿಸಿದಳು. ಅಪ್ಪ ಅವಳ ಕೈಯನ್ನು ನೇವರಿಸುತ್ತಲೇ ಇದ್ದರು, ಆಮೇಲೆ ನೇವರಿಸುವುದನ್ನು ಬಿಟ್ಟರು, ಆಮೇಲೆ ಕೈಯನ್ನೂ ಬಿಟ್ಟರು.

ಮೇಷ್ಟ್ರ ಕಿವಿ ಅದು. ಲೆಕ್ಕ ಸರಿಹೊಂದಿಸಲು ಅದಕ್ಕೆ ಎಷ್ಟು ಹೊತ್ತು ಬೇಕು? ಅವರ ಮುಖ ದೊಡ್ಡವಳನ್ನು ಬಿಟ್ಟು ನಿಧಾನವಾಗಿ ಪಕ್ಕದ ಕನ್ನಡಿಯ ಕಡೆಗೆ ಹೊರಳಿತು. ಗದ್ದ ನಡುಗುತ್ತಿತ್ತು. ಖಾಲಿಯಾದ ಕೈಯನ್ನು ಆ ಕಡೆಗೆ ಚಾಚಿದರು.

"ಚಿಕ್ಕವಳೇ, ಇದ್ದೀಯೇನೇ?"

ಚಿಕ್ಕವಳು ಆ ಕೈಯನ್ನು ನೋಡಿದಳು. ಅವಳ ಉಸಿರು ಬೆರಳಿಗೆ ತಾಗುವಷ್ಟು ಹತ್ತಿರದಲ್ಲಿತ್ತು ಕೈ. ಇದ್ದೀನಪ್ಪ ಎಂದರೆ ಸಾಕಿತ್ತು. ಹಿತ್ತಾಳೆ ಎಂಬ ಮಾತು ಆ ಕೋಣೆಯಲ್ಲಿ ಇನ್ನೂ ಆರಿರಲಿಲ್ಲ, ಅವಳು ತುಟಿ ಬಿಗಿದುಕೊಂಡಳು. ಅಪ್ಪನೂ ಸ್ವಲ್ಪ ಕಾಯಲಿ, ಕಾಯುವುದು ಹೇಗಿರುತ್ತದೆ ಅಂತ ತಿಳಿಯಲಿ ಎಂಬ ಹಟ ಅವಳ ಮುಖದಲ್ಲಿ ಕಾಣುತ್ತಿತ್ತು. ಅದನ್ನು ಕಂಡದ್ದೇ ದೊಡ್ಡವಳು ಬಾಯಿ ಹಾಕಿದಳು.

"ಈಗ ತಾನೇ ಎದ್ದು ಹೊರಗೆ ಹೋದ್ಲಪ್ಪ."

ಅಪ್ಪನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ನಂಬಿದರೋ ಬಿಟ್ಟರೋ ಹೇಳುವಂತಿರಲಿಲ್ಲ. ಅಷ್ಟರಲ್ಲಿ ಬಾಗಿಲ ಹೊರಗಿನಿಂದ, ಗಾಡಿ ಬಂತೆಂದು ತಮ್ಮ ಕೂಗಿದ. ಅಪ್ಪ ಕುರ್ಚಿಯ ಕೈ ಹಿಡಿದುಕೊಂಡು ಎದ್ದರು, ಗೋಡೆ ತಡವಿಕೊಂಡು ಹೊಸ್ತಿಲ ತನಕ ಹೋಗಿ ನಿಂತರು.

"ಬಂದ್ರೆ, ನಾನು ಕೇಳಿದೆ ಅಂತ ಹೇಳು" ಅಂದರು. ದನಿ ಅವರದೇ ಅಲ್ಲವೆಂಬಷ್ಟು ಮೆತ್ತಗಿತ್ತು. ತಮ್ಮನ ಹೆಗಲು ಸಿಕ್ಕಿತು, ಅದನ್ನು ಹಿಡಿದುಕೊಂಡು ಹೊರಟುಹೋದರು.

ಗಾಡಿಯ ಸದ್ದು ದೂರವಾಗುವಷ್ಟರಲ್ಲಿ ಚಿಕ್ಕವಳ ಹಟ ಜರ್ರೆಂದು ಇಳಿದುಹೋಗಿತ್ತು. ಬಾಗಿಲ ಕಡೆಗೆ ಎರಡು ಹೆಜ್ಜೆ ಹೋದಳು, ವಾಪಸು ಬಂದಳು, ಅರ್ಧ ಬಣ್ಣದ ಮುಖದಲ್ಲೇ ಅಕ್ಕನ ಎದುರಿಗೆ ನಿಂತಳು. ಇಷ್ಟು ವರ್ಷದಲ್ಲಿ ಅವಳು ಅಕ್ಕನನ್ನು ಏನನ್ನೂ ಬೇಡಿದವಳಲ್ಲ.

"ಅಕ್ಕ, ಕೇಳಿದೆ ಅಂದ್ರಲ್ಲ ಅಪ್ಪ. ನನ್ನ ಹಾಡನ್ನ ತಾನೇ? ಹಾಡಿದ್ದು ನಾನು ಅಂತ ಅವರಿಗೆ ಗೊತ್ತಾಯ್ತು ತಾನೇ?"

ದೊಡ್ಡವಳಿಗೆ ಅಪ್ಪನ ಗದ್ದ ನಡುಗಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಕೈ ಬಿಟ್ಟ ಬೆರಳುಗಳ ತಣ್ಣನೆಯ ಸ್ಪರ್ಶ ಇನ್ನೂ ಅವಳ ಮುಂಗೈ ಮೇಲಿತ್ತು. ಅವರು ಏನನ್ನು ಕೇಳಿದೆ ಅಂದರೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವಳು ಕಿರೀಟ ತೆಗೆದು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

"ನೀನೆಲ್ಲಿ ಅಂತ ಕೇಳಿದ್ರು ಕಣೆ" ಅಂದಳು. "ಅಷ್ಟೇ."